ನನ್ನ ಗ್ಯಾಸ್ಟ್ರಿಕ್

ಆಗ ನಾನು ಡಿಗ್ರಿ ಎರಡನೇ ವರ್ಷ. ಹಾಸ್ಟೆಲ್ ಮಂಚದಿಂದ ಏಳಲಾಗದೆ ಕ್ಲಾಸು ತಪ್ಪಿಸುತ್ತಲೇ ಇದ್ದೆ. ಕೊನೆಗೆ ಅಮ್ಮನೇ ಬಂದು ಚಿಕ್ಕಮಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಖಿನ್ನತೆಯ ಕಾಯಿಲೆ ಎಂದರು ಅವರು. ದಿನಾ ತಿಂಡಿ ಆದಮೇಲೆ ಒಂದು ಮಾತ್ರೆ, ನನ್ನನ್ನು ಕೇಳದೆ ನಿಲ್ಲಿಸಬೇಡ ಎಂದೂ ಹೇಳಿದರು. ಕಳಸದ ಬಸ್ಸು ಮೂಡಿಗೆರೆ ದಾಟುವಷ್ಟರಲ್ಲಿ ಅಮ್ಮ ಕಾಯಿಲೆಯ ಹೆಸರನ್ನೇ ಬದಲಾಯಿಸಿಬಿಟ್ಟಿದ್ದಳು.

"ಯಾರಾದ್ರೂ ಕೇಳಿದ್ರೆ ಗ್ಯಾಸ್ಟ್ರಿಕ್ ಅನ್ನು. ನಾಳೆ ದಿನ ನಿನ್ನ ನೋಡೋಕೆ ಗಂಡಿನ ಕಡೆಯೋರು ಬರ್ಬೇಕಲ್ಲ."

ನಮ್ಮೂರು ಸಂಸೆಯಲ್ಲಿ ಗ್ಯಾಸ್ಟ್ರಿಕ್ಕಿಗೆ ಮದ್ದು ಗೊತ್ತಿಲ್ಲದ ಮನುಷ್ಯರೇ ಇಲ್ಲ. ಒಬ್ಬರು ಜೀರಿಗೆ ಕಷಾಯ ಎಂದರು, ಇನ್ನೊಬ್ಬರು ಖಾರ ಬಿಡಿಸಿ ಎಂದರು. ನನ್ನ ಕಾಫಿ ನಿಲ್ಲಿಸುವುದಕ್ಕೆ ಮಾತ್ರ ಎಲ್ಲರದೂ ಒಮ್ಮತ. ಅಂಗಳದ ತುಂಬ ಕಾಫಿ ಒಣಗುತ್ತಿತ್ತು. ಬಂದವರಿಗೆಲ್ಲ ಲೋಟ ಲೋಟ ಕಾಫಿ, ನನಗೆ ನೀರು ಮಜ್ಜಿಗೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನೂ ಹೊಟ್ಟೆನೋವು ಅಂದುಕೊಂಡರು.

ಕೆಲವು ದಿನ ಇದ್ದು ಹೋಗಲು ಬಂದ ದೊಡ್ಡಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನನ್ನ ಮಾತ್ರೆಗಳನ್ನು ತಮ್ಮ ಸೆರಗಿಗೆ ಗಂಟು ಹಾಕಿಕೊಂಡರು.

"ಈ ವಯಸ್ಸಿಗೇ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ರೆ ಕಿಡ್ನಿ ಉಳಿಯುತ್ತಾ? ಕಷಾಯ ಕುಡಿ, ಸಾಕು."

ಗ್ಯಾಸ್ಟ್ರಿಕ್ ಎಂದು ಒಪ್ಪಿಕೊಂಡ ಮೇಲೆ ಕಷಾಯದ ಲೋಟ ತೆಗೆದುಕೊಳ್ಳಲೇಬೇಕಾಯಿತು. ಅಮ್ಮನ ಮುಖ ನೋಡಿದೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ದೋಸೆ ಹುಯ್ಯುತ್ತಿದ್ದಳು.

ಮಾತ್ರೆಯಿಲ್ಲದೆ ಎರಡು ದಿನ ಕಳೆಯುವುದರೊಳಗೆ ತಲೆ ಸುತ್ತತೊಡಗಿತು. ಮತ್ತೆ ಆ ಹಾಸ್ಟೆಲ್ ಮಂಚದ ದಿನಗಳೇ ಬಂದರೆ ಎಂದು ಹೆದರಿಕೆಯಾಯಿತು. ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

"ದೊಡ್ಡಮ್ಮ, ಅದು ಹೊಟ್ಟೆಗಲ್ಲ, ಮನಸ್ಸಿಗೆ. ಕೊಟ್ಬಿಡಿ."

ದೊಡ್ಡಮ್ಮ ಅಮ್ಮನನ್ನು ನೋಡಿದರು. ಅಮ್ಮ ಒಲೆ ನೋಡಿದಳು. ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆ ಕೈಗೆ ಕೊಟ್ಟು, ಅಮ್ಮನನ್ನು ತರಾಟೆಗೆ ತೆಗೆದುಕೊಂಡರು.

"ಹಂಗಾದ್ರೆ ಈ ಹುಡ್ಗಿಗೆ ಕಾಫಿ ಯಾಕೆ ನಿಲ್ಸಿದ್ದು ಮಾರಾಯ್ತಿ?"

ತಾವೇ ಕಾಫಿ ಬೆರೆಸಿ ನನಗೆ ಕೊಟ್ಟರು. ಲೋಟದ ಬಿಸಿಗೆ ಅಳು ಬಂತು. ಅಂತೂ ಬಿಡುಗಡೆ ಸಿಕ್ಕಿತು ಅಂದುಕೊಂಡೆ. ಇನ್ನೂ ಒಂದು ಗುಟುಕು ಕುಡಿದಿರಲಿಲ್ಲ, ಅಂಗಳದಲ್ಲಿ ನೆಂಟರ ಜೀಪು ಬಂದು ನಿಂತ ಸದ್ದಾಯಿತು. ದೊಡ್ಡಮ್ಮ ನನ್ನ ಭುಜ ಹಿಡಿದು ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿಸಿದರು.

"ಅಲ್ಲೇ ನಿಂತು ಕುಡಿ. ಅವ್ರ ಎದುರಿಗೆ ನಿಂಗೆ ಗ್ಯಾಸ್ಟ್ರಿಕ್ಕೇ."