ಸೊಪ್ಪಿನ ಹೊರೆಯ ಮೇಲೆ ಕೂತ ಸೇನಾಪತಿಗಳು

ಗೆಳೆಯರೇ, ಇವತ್ತು ಅಕ್ಕೂರಿನಲ್ಲಿ ಅತ್ತೆಯವರ ರೇಷ್ಮೆಹುಳುಮನೆಯ ಮುಂದೆ ನಾನೂ ಹೆಂಡತಿಯ ತಮ್ಮ ಶಿವುವೂ ಸೇರಿ ಅಲೆಕ್ಸಾಂಡರನಿಗೂ ಚೆಂಗೀಸ್ ಖಾನನಿಗೂ ಯುದ್ಧ ಹಚ್ಚಿದ್ದೆವು. ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಇಳಿಸಿ, ಅದರ ಮೇಲೇ ಕೂತಿದ್ದೆವು.

"ಅಲೆಕ್ಸಾಂಡರ್ ಮುಂದೆ ನಿಮ್ ಖಾನ್ ಅರ್ಧ ದಿನಾನೂ ನಿಲ್ಲಲ್ಲ ಭಾವ," ಎಂದ ಶಿವು.

"ಹೋಗ್ಲೇ! ಹೊತ್ಹೊತ್ತಿಗೆ ಮೇವು ಹಾಕ್ದೋನೇ ಗೆಲ್ಲೋದು ಕಣ್ಲಾ. ಖಾನ್ ಕುದುರೆ ಒಂದಿನಾನೂ ಹಸ್ಕೊಂಡು ನಿಂತಿಲ್ಲ!" ಎಂದು ತೊಡೆ ತಟ್ಟಿದೆ.

ಅತ್ತೆ ಬಾಗಿಲಿಗೆ ಬಂದು ನಿಂತರು. ಅಳಿಯ ಮಾತಾಡುವಾಗ ನಡುವೆ ಬಾಯಿ ಹಾಕುವವರಲ್ಲ. ಕೇಳುವವರು ಒಬ್ಬರು ಹೆಚ್ಚಾದರೆಂದು ನಾನು ದನಿ ಏರಿಸಿದೆ. ಬಹಳ ಹೊತ್ತು ಕಾದು, ಕೊನೆಗೆ ಅವರೇ ಮೆಲ್ಲಗೆ ಕೇಳಿದರು: "ಯಾರು ಗೆದ್ರಪ್ಪ? ಗೆದ್ದಾಗಿದ್ರೆ ಇಬ್ರೂ ಒಸಿ ಮೇಲಕ್ಕೇಳಿ. ಹುಳ ಎಲ್ಲಾ ತಲೆ ಎತ್ಕೊಂಡು ಕಾಯ್ತಾವೆ. ಸೊಪ್ಪು ನಿಮ್ ಕೆಳಗೈತೆ."

ಎದ್ದೆ. ಸೊಪ್ಪು ನಮ್ಮ ಮೈಕಾವಿಗೆ ಬಾಡಿಹೋಗಿತ್ತು. ಅತ್ತೆಯ ಮುಖ ನೋಡಲಾಗದೆ, ಕುಡುಗೋಲು ಹಿಡಿದು ಮತ್ತೆ ತೋಟಕ್ಕೆ ಓಡಿದೆ.

ಖಾನನ ಕುದುರೆಗಳು ಪುಣ್ಯ ಮಾಡಿದ್ದವು. ಅವುಗಳ ಮನೆಗೆ ನನ್ನಂಥ ಅಳಿಯ ಬರಲಿಲ್ಲ.