ಚೆನ್ನೈ ಫ್ಯಾನ್‌ಗೆ ನಮ್ಮ ಗ್ರೂಪಿನ್ಯಾಗ ಏನ್ ಕೆಲ್ಸ?

ಗೆಳ್ಯಾರ, ನಾ ಅಡ್ಮಿನ್ ಇರೂ ಟೊರೊಂಟೊ ಕಡೆಯ ಬೆಂಗಳೂರು ಕ್ರಿಕೆಟ್ ಟೀಮ್ ಫ್ಯಾನ್ ಗ್ರೂಪಿನ್ಯಾಗ ಇವತ್ತ ಮುಂಜಾನೆ ಮ್ಯಾಚಿಗಿಂತ ಮೊದ್ಲ ಜಗಳ ಶುರು ಆತು.

ಓಕ್‌ವಿಲ್‌ನ ಕಿರಣ ಬರದ: "ಅಡ್ಮಿನ್ ಮೇಡಂ, ಆ ಸೆಲ್ವಂನ ತೆಗೀರಿ. ಚೆನ್ನೈ ಫ್ಯಾನ್‌ಗೆ ಇಲ್ಲೇನ್ ಕೆಲ್ಸ?"

ಸೆಲ್ವಂ ವಿಟ್ಬಿಯವ. ಬೆಂಗಳೂರಾಗ ಕೆಲ್ಸಾ ಮಾಡಿ ಕನ್ನಡ ಕಲ್ತಾನ, ಟೀಮ್ ಮಾತ್ರ ಬದಲಿಸಿಲ್ಲ. "ಮ್ಯಾಚ್ ಮುಗೀಲಿ, ವೋಟ್ ಹಾಕೋಣು" ಅಂದೆ.

ಮ್ಯಾಚ್ ಮುಗೀತು. ಸೋತ್ವಿ, ಅದೂ ಚೆನ್ನೈ ಕೈಯಾಗ. ಗ್ರೂಪಿನ್ಯಾಗ ಒಬ್ರೂ ಉಸಿರ್ ಬಿಡವಲ್ರು. ಆಗ ಸೆಲ್ವಂ ಬರದ: "ಏನ್ರೀ, ಎಲ್ಲಾರೂ ಒಟ್ಟಿಗೇ ಊಟಕ್ಕೆ ಹೋದ್ರಾ?"

ತಗೋರಿ! ಸತ್ತಂಗಿದ್ದ ಗ್ರೂಪು ಎದ್ದು ಕುಂತಿತು. ಬ್ರ್ಯಾಂಪ್ಟನ್ ವೇರ್‌ಹೌಸಿನ್ಯಾಗ ಶಿಫ್ಟಲ್ಲಿದ್ದ ನನ್ನ ಗಂಡನೂ ಬ್ರೇಕ್ ತಗೊಂಡು ಅವನ ಕೂಡ ವಾದಕ್ಕ ನಿಂತ.

ಸಂಜಿಗೆ ವೋಟ್ ಇಟ್ಟೆ. ತೆಗೀರಿ ಅಂತ ಒಂದೂ ವೋಟ್ ಬೀಳಲಿಲ್ಲ. ಕಿರಣನೇ ಬರದ: "ಈಗ ತೆಗೆದ್ರೆ ಹೆದರ್ಕೊಂಡು ಓಡಿಸಿದ ಹಾಗಾಗುತ್ತೆ. ಇರ್ಲಿ, ಮುಂದಿನ ಮ್ಯಾಚಲ್ಲಿ ನೋಡ್ಕೋತೀನಿ." ನನ್ನ ಮಂದಿ ನೋಡಿ ಎದಿ ಉಬ್ಬಿತು.

ಅದ ಹುರುಪಿನ್ಯಾಗ ನಾನೂ ಸೆಲ್ವಂನ ಚೆನ್ನೈ ಗ್ರೂಪಿಗೆ ರಿಕ್ವೆಸ್ಟ್ ಕಳಿಸ್ದೆ. "ನೀವು ಯಾವ ಟೀಮ್?" ಅಂತ ಕೇಳಿದ್ರು. ಬೆಂಗಳೂರು ಅಂತ ಖರೇನ ಬರದೆ. ಚಹಾ ಕುದಿಯೂದ್ರಾಗ ರಿಜೆಕ್ಟ್!

ಇರ್ಲಿ ಬಿಡ್ರಿ. ಅವರ ಮನ್ಯಾಗ ಗೆದ್ದ ಕಪ್ ರಾಶಿ ಅದಾವು, ಕದಾ ಹಾಕ್ಕೊಂಡು ಕಾಯ್ಕೋಬೇಕು. ನಮ್ಮ ಮನ್ಯಾಗ ಎಷ್ಟೋ ವರ್ಷ ಕಳವಾಗೂದು ಏನೂ ಇರಲಿಲ್ಲ, ಕದಾ ಹಾಕೂ ರೂಢಿನ ಇಲ್ಲ. ಬಾಗಿಲಾ ಯಾವತ್ತೂ ತೆರದ ಇರತೈತಿ.