ಡಾಕ್ಟರು ಹೇಳದ ಮಾತು

ಶಾಂತಾ, ಅಂದು ತಿರುವನಂತಪುರದ ಡಾಕ್ಟರು ಹೇಳಿದ್ದೇ ಒಂದು, ನಾನು ನಿನಗೆ ಹೇಳಿದ್ದೇ ಒಂದು. ಕೇಳಿಸಿಕೊಳ್ಳುವುದರಲ್ಲಿ ಆದ ತಪ್ಪಲ್ಲ ಅದು — ಬೇಕೆಂದೇ ಸುಳ್ಳು ಹೇಳಿದೆ.

ಎರಡು ಸಾವಿರದ ಮೂರನೇ ಇಸವಿ. ಮದುವೆಯಾಗಿ ಒಂದೂವರೆ ವರ್ಷ. ನೀನು ಗದಗಿನಿಂದ ಬಂದವಳು, ಮಲಯಾಳದ ಒಂದು ಪದವೂ ಬಾರದು. ಮೈಸೂರಿನವನಾದ ನಾನು ಅಲ್ಲಿನ ತುಂಬಾ ಎಂಬ ಊರಿನ ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ದುಡಿದು ಆ ಭಾಷೆ ಕಲಿತಿದ್ದೆ. ಡಾಕ್ಟರಿಗೂ ನಿನಗೂ ನಡುವೆ ಇದ್ದವನು ನಾನೊಬ್ಬನೇ.

ಆರು ತಿಂಗಳು ನೀನು ಪಥ್ಯ ಮಾಡಿದ್ದೆ. ಬಲೆ ಒಣಹಾಕುವವರ ನಡುವೆ, ಸೆರಗು ಬಿಗಿದು, ದಿನವೂ ಕಡಲ ದಂಡೆಯುದ್ದಕ್ಕೂ ನಡೆದಿದ್ದೆ. ತೂಕ ಇಳಿದಿರಲಿಲ್ಲ. ಡಾಕ್ಟರು ಕಾಗದಗಳನ್ನೆಲ್ಲ ನೋಡಿ ಹೇಳಿದರು — ಇದು ಬಾಯಿಚಪಲವಲ್ಲ, ಕಾಯಿಲೆ. ಮೈಯೇ ತೂಕವನ್ನು ಬಿಟ್ಟುಕೊಡುತ್ತಿಲ್ಲ. ಸಕ್ಕರೆ ಗಡಿ ಮುಟ್ಟಿದೆ. ಚೆಂದ ಕಾಣಲೆಂದು ಬರುವವರಿಗೆ ತೂಕ ಇಳಿಸುವ ಈ ಮಾತ್ರೆ ಬರೆಯುವುದಿಲ್ಲ, ಇವರಿಗೆ ಬರೆಯುತ್ತೇನೆ. ಪಥ್ಯ, ನಡಿಗೆ ಬಿಡಬಾರದು. ಮೂರು ತಿಂಗಳು ನೋಡೋಣ, ಗುಣ ಕಾಣದಿದ್ದರೆ ನಿಲ್ಲಿಸೋಣ. ಸಕ್ಕರೆಯನ್ನು ಮಾತ್ರ ತಪ್ಪದೆ ಪರೀಕ್ಷೆ ಮಾಡಿಸುತ್ತಿರಿ.

ಹೊರಗೆ ಬಂದಾಗ ನೀನು ಕೇಳಿದೆ, "ಏನಂದ್ರೀ ಡಾಕ್ಟ್ರು?"

"ಕಾಯಿಲೆ ಏನೂ ಇಲ್ವಂತೆ. ಬಾಯಿ ಕಟ್ಬೇಕಂತೆ, ಅಷ್ಟೆ."

"ನಾ ಅಷ್ಟ ತಿಂತೀನೇನ್ರೀ?"

ನಾನು ಮಾತ್ರೆಯ ಚೀಟಿಯನ್ನು ಫೈಲಿನ ತಳಕ್ಕೆ ತುರುಕಿದೆ, ಸಕ್ಕರೆ ಪರೀಕ್ಷೆಯ ಮಾತನ್ನೂ ಎತ್ತಲಿಲ್ಲ.

ಯಾಕೆ — ಕಚೇರಿಯವರ ಔತಣದಲ್ಲಿ ಗೆಳೆಯರು ನಿನ್ನ ಗಾತ್ರ ನೋಡಿ ನಕ್ಕಿದ್ದರು, ನಾನೂ ಅವರ ಜೊತೆ ನಕ್ಕಿದ್ದೆ. ಕಾಯಿಲೆಯೆಂದು ಒಪ್ಪಿಕೊಂಡರೆ ನಿನ್ನನ್ನು ದೂರುವುದು ಹೇಗೆ? ನೀನು ತಪ್ಪಿತಸ್ಥೆಯಾಗಿಯೇ ಇರಬೇಕಿತ್ತು ನನಗೆ.

ನೀನು ರಾತ್ರಿಯೂಟ ಬಿಟ್ಟೆ. ಒಂದು ಸಂಜೆ, ನೀನು ಚೇಚಿ ಎಂದು ಕರೆಯುತ್ತಿದ್ದ ಪಕ್ಕದ ಮನೆಯಕ್ಕ ಕೊಟ್ಟ ಪಳಂಪೊರಿ — ಒಂದೇ ಒಂದು ಬಾಳೆಹಣ್ಣಿನ ಬಜ್ಜಿ — ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದೆ. ನಾನು ನಿನ್ನ ಕೈಯಿಂದ ಕಿತ್ತು ಎಸೆದೆ. ನೀನು ಬಾಯಲ್ಲಿದ್ದುದನ್ನೂ ಉಗುಳಿದೆ, ನನ್ನೆದುರೇ, ಮಗುವಿನ ಹಾಗೆ —

ನಾಲ್ಕು ವರ್ಷದ ಮೇಲೆ ಕೊಚ್ಚಿಗೆ ವರ್ಗವಾಯಿತು. ಮಟ್ಟಾಂಚೇರಿಯಲ್ಲಿ ಮನೆ ಮಾಡಿದೆವು. ಅಲ್ಲಿ ನಿನ್ನ ಕಾಲಿಗೆ ಚಪ್ಪಲಿ ಕಚ್ಚಿದ ಗಾಯ ಮಾಯಲೇ ಇಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು, ಸಕ್ಕರೆ ಮಿತಿಮೀರಿತ್ತು. ಡಾಕ್ಟರಮ್ಮ ನಮ್ಮ ಹಳೆಯ ಫೈಲು ತಿರುವಿದರು. ಆ ಚೀಟಿ ಎತ್ತಿ ಹಿಡಿದು ನಿನ್ನನ್ನೇ ಕೇಳಿದರು, "ಈ ಮರುನ್ನ್ ಎಂದಾ ಕಳಿಕ್ಕಾಞ್ಞದ್?" ತೂಕಕ್ಕೆ ಬರೆದುಕೊಟ್ಟ ಈ ಮದ್ದನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದು.

ಅಷ್ಟರಲ್ಲಿ ನೀನು ನೆರೆಯ ಹೆಂಗಸರಿಂದ ಮಲಯಾಳ ಕಲಿತಿದ್ದೆ. ಎಲ್ಲ ಅರ್ಥವಾಯಿತು ನಿನಗೆ. ನನ್ನ ಕಡೆ ಒಮ್ಮೆ ನೋಡಿದೆ. ಆಮೇಲೆ ಅವರಿಗೆ ಹೇಳಿದೆ, "ಞಾನ್ ಮರನ್ನು ಪೋಯಿ."

ನಾನು ಮರೆತುಬಿಟ್ಟೆ — ಹಾಗಂದವಳು ನೀನು. ಡಾಕ್ಟರಮ್ಮ ನಿನ್ನನ್ನು ಬೈದರು. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಂಡೆ.

ಬೆರಳುಗಳು ಹೋದವು. ಆ ಮಾತ್ರೆಯಿಂದ ಅವು ಉಳಿಯುತ್ತಿದ್ದವೋ ಇಲ್ಲವೋ, ನನಗೆ ಗೊತ್ತಿಲ್ಲ. ನುಂಗುವುದೋ ಬಿಡುವುದೋ ಎಂದು ನಿರ್ಧರಿಸಬೇಕಾದವಳು ನೀನು. ನಿನಗೆ ವಿಷಯವೇ ತಿಳಿಯದಂತೆ ಮಾಡಿದವನು ನಾನು. ಇಂದಿನವರೆಗೂ ನೀನು ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ಈಗ ದೋಣಿ ಹತ್ತಿ ಎರ್ನಾಕುಳಂ ಆಸ್ಪತ್ರೆಗೆ ಒಬ್ಬಳೇ ಹೋಗುತ್ತೀ, ಕುಂಟುತ್ತ. ನಾನೂ ಬರುತ್ತೇನೆಂದರೆ, ಮುಖ ನೋಡದೆ ಹೇಳುತ್ತೀ — "ಬ್ಯಾಡ್ರೀ. ಅವರು ಹೇಳಿದ್ದು ನನಗ ತಿಳೀತದ."